ಎರಡು ರೈತರ ಊರುಗಳ ಸಿಸ್ಟರ್ ಸಿಟಿ ನಂಟು: ಹೋದವರ ಮನೆ ಹಸುವಿನ ಹಾಲು ಕರೆಯುವವರು ಯಾರು?

ಕೊಟ್ಟಿಗೆ_ಕಾರ್ಯದರ್ಶಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ರೈತ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿ ಅಂದ್ರೆ ದೊಡ್ಡ ಹುದ್ದೆ ಅಂತ ತಿಳಿಯಬೇಡಿ. ಸಭೆಯಲ್ಲಿ ಯಾರೂ ಬೇಡ ಅಂದ ಕೆಲಸವೆಲ್ಲ ನನ್ನ ತಲೆಗೆ ಬರುತ್ತದೆ, ಅಷ್ಟೇ. ಈ ಸಲ ಬಂದದ್ದು ಸಿಸ್ಟರ್ ಸಿಟಿ, ಅಂದ್ರೆ ಬೇರೆ ಬೇರೆ ದೇಶದ ಎರಡು ಊರು ಗೆಳೆತನದ ಒಪ್ಪಂದಕ್ಕೆ ಸಹಿ ಹಾಕುವುದು.

ಬೇರೆ ದೇಶದ ಒಂದು ಊರಿನವರು ನಮ್ಮ ಜೊತೆ ನಂಟು ಬೆಳೆಸಬೇಕು ಅಂತ ಪತ್ರ ಬರೆದಿದ್ದಾರೆ. ಸಿಟಿ ಅನ್ನೋದು ಹೆಸರಿಗೆ ಮಾತ್ರ. ಎರಡೂ ರೈತರ ಊರೇ. ನಮ್ಮಲ್ಲಿ ಹಸು, ಮೆಕ್ಕೆಜೋಳ ಜಾಸ್ತಿ. ಅವರಲ್ಲಿ ಸೇಬಿನ ತೋಟ, ಒಂದಿಷ್ಟು ಕುರಿ. ಎರಡೂ ಕಡೆ ಹುಡುಗರು ಓದು ಮುಗಿಸಿ ಹೊರಟರೆ ತಿರುಗಿ ಬರುವುದು ಕಮ್ಮಿ. ಪತ್ರ ಬರೆದವರು ಈ ಮಾತನ್ನು ಮುಚ್ಚಿಡದೆ ಬರೆದಿದ್ದರು. ಅದಕ್ಕೇ ನನಗೆ ಅವರು ಹಿಡಿಸಿದರು.

ಯೋಜನೆ ಸರಳ. ಆ ಕಡೆಯಿಂದ ಆರು ಜನ 12 ದಿನ ಇಲ್ಲಿಗೆ ಬರುತ್ತಾರೆ. ಆಮೇಲೆ ನಮ್ಮವರು ಆರು ಜನ ಅಲ್ಲಿಗೆ ಹೋಗುತ್ತಾರೆ. ನಮ್ಮ ಸಮಿತಿ 12 ದಿನದ ಕಾರ್ಯಕ್ರಮವನ್ನೂ ಬರೆದಾಯಿತು. ರಾತ್ರಿ ಕೂತು ಲೆಕ್ಕ ಹಾಕಿದೆ. ಭಾಷಣಕ್ಕೆ ಒಂಬತ್ತು ಗಂಟೆ. ಬಸ್ಸಿನಲ್ಲಿ ಕೂರುವುದಕ್ಕೆ ಹದಿನೇಳು ಗಂಟೆ. ಹೊಲದಲ್ಲಿ ಎರಡು ಗಂಟೆ! ಅದೂ ಫೋಟೋಗೆ ಅಂತ ಪಕ್ಕದಲ್ಲಿ ಬರೆದಿದೆ.

ಇನ್ನೊಂದು ತೊಡಕು. ಚೆನ್ನಾಗಿ ಬೇಸಾಯ ಮಾಡುವ ಆರು ಜನರನ್ನು ಆರಿಸಿ, ಹೋಗ್ತೀರಾ ಅಂತ ಕೇಳಿದೆ. ಐದು ಜನ ಒಂದೇ ಮಾತು ಹೇಳಿದರು: "ಹಸು ಯಾರು ನೋಡ್ಕೋತಾರೆ?" ಆರನೆಯವರು ಮಾತ್ರ ಯಾವಾಗ ಬೇಕಾದರೂ ರೆಡಿ. ಅವರು ಜಮೀನು ಗುತ್ತಿಗೆಗೆ ಕೊಟ್ಟು, ಹಸು ಮಾರಿ ನಾಲ್ಕು ವರ್ಷವಾಗಿದೆ.

ಹೀಗೆ ಹೋಗಿ ಬಂದವರು, ಇಲ್ಲ ನಡೆಸಿದವರು ಇಲ್ಲಿ ಯಾರಾದರೂ ಇದ್ದೀರಾ? ಯಾವ ಕಾಲದಲ್ಲಿ ಹೋಗಬೇಕು? ಖರ್ಚು ಯಾರದು? ಆ 12 ದಿನ ನಿಜಕ್ಕೂ ಏನು ಮಾಡಬೇಕು? ನಮ್ಮ ಹಿರಿಯರೊಬ್ಬರು ತಾವು ಮೂವತ್ತು ವರ್ಷದಿಂದ ಉಳಿಸಿಕೊಂಡ ಮೆಕ್ಕೆಜೋಳದ ಬೀಜ ಒಂದು ಹಿಡಿ ಜೇಬಲ್ಲಿ ಹಾಕಿಕೊಂಡು ಹೋಗಿ ಕೊಡಬೇಕು ಅಂತ ಆಸೆಪಟ್ಟಿದ್ದಾರೆ. ಅದಕ್ಕೆ ಏನಾದರೂ ತೊಂದರೆ ಇದೆಯಾ?

ಹಳೇ_ಪಂಚಾಂಗ ಬರೆದದ್ದು:

ನಾನು ಎಲ್ಲಿಗೂ ಹೋದವನಲ್ಲ. ಹಳೇ ಕಥೆ ಓದುವ ಚಟ, ಅದನ್ನೇ ಹೇಳುತ್ತೇನೆ.

ಸಿಸ್ಟರ್ ಸಿಟಿ ಅಂದಕೂಡಲೇ ಎಲ್ಲರೂ 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೇಳಿದ ಮಾತಿನಿಂದ ಶುರು ಮಾಡುತ್ತಾರೆ. ಸರ್ಕಾರ ಸರ್ಕಾರಗಳ ಮಾತುಕತೆ ಸಾಲದು, ಜನ ಜನರನ್ನು ನೋಡಬೇಕು ಅಂತ. ಅದು ಸರಿಯೇ. ಆದರೆ ರೈತರಿಗೆ ಬೇಕಾದ ಕಥೆ ಅದಾಗಿ ಮೂರು ವರ್ಷಕ್ಕೆ ನಡೆದದ್ದು.

1959ರಲ್ಲಿ ಜಪಾನಿನ ಯಮನಾಶಿ ಪ್ರಾಂತ್ಯಕ್ಕೆ ಒಂದರ ಹಿಂದೆ ಒಂದು ಎರಡು ಚಂಡಮಾರುತ ಹೊಡೆದವು. ಹೊಲ ಹೋಯಿತು, ಜಾನುವಾರು ಹೋದವು. ಆ ಸುದ್ದಿ ಅಮೆರಿಕದ ಅಯೋವಾಕ್ಕೆ ಮುಟ್ಟಿತು. ಅಯೋವಾ ಅಂದ್ರೆ ಮೆಕ್ಕೆಜೋಳ ಮತ್ತು ಹಂದಿಯ ನಾಡು. ಅವರು ಬಟ್ಟೆಬರೆ ಕಟ್ಟಿ ಕಳಿಸಲಿಲ್ಲ. 1960ರ ಜನವರಿಯಲ್ಲಿ ವಿಮಾನದಲ್ಲಿ ಹಂದಿ ಕಳಿಸಿದರು. ತಳಿ ಬೆಳೆಸುವುದಕ್ಕೆ ಆರಿಸಿದ ಹಂದಿಗಳು. ಯಮನಾಶಿ ಮುಟ್ಟಿದ್ದು 35. ಮೇವಿಗೆ ಮೆಕ್ಕೆಜೋಳ ಹಡಗಿನಲ್ಲಿ ಹೋಯಿತು. ನನಗೆ ಇದರಲ್ಲಿ ಜಾಸ್ತಿ ಇಷ್ಟವಾದದ್ದು ಆ ಮೆಕ್ಕೆಜೋಳವೇ. ಬರೀ ಹಂದಿ ಕೊಟ್ಟು ಫೋಟೋ ಹಿಡಿಸಿಕೊಂಡಿದ್ದರೆ ಅವನ್ನು ಸಾಕುವುದು ಹೇಗೆ? ಹೊಲವೇ ಕೊಚ್ಚಿಹೋದವರ ಹತ್ತಿರ ಮೇವು ಎಲ್ಲಿರುತ್ತದೆ? ದನ ಕಟ್ಟಿ ಗೊತ್ತಿದ್ದವರಿಗೆ ಮಾತ್ರ ಹೊಳೆಯುವ ವಿಷಯ ಅದು.

ಎರಡೂ ಕಡೆಯವರು ನಂಟಿನ ಒಪ್ಪಂದ ಮಾಡಿಕೊಂಡದ್ದೂ ಆ ವರ್ಷವೇ, 1960. ಮೊದಲು ಹಂದಿ, ಆಮೇಲೆ ಸಹಿ. 1962ರಲ್ಲಿ ಯಮನಾಶಿಯವರು ಒಂದು ದೊಡ್ಡ ಗಂಟೆ ಕಳಿಸಿದರು. ಅದು ಇವತ್ತಿಗೂ ಅಯೋವಾದ ರಾಜಧಾನಿ ಡೆ ಮೋಯ್ನ್‌ನಲ್ಲಿ ಶಾಸನ ಭವನದ ಅಂಗಳದಲ್ಲಿದೆ.

ಇನ್ನೊಂದು ಕಥೆಯೂ ಅಯೋವಾದ್ದೇ. 1983ರಲ್ಲಿ ಅಯೋವಾ, ಚೀನಾದ ಹೆಬೈ ಪ್ರಾಂತ್ಯ ನಂಟು ಮಾಡಿಕೊಂಡವು. 1985ರಲ್ಲಿ ಹೆಬೈಯ ಒಂದು ಕೌಂಟಿಯಿಂದ ಪಶು ಆಹಾರದ ವಿಷಯ ತಿಳಿಯಲು ಐದು ಜನರ ತಂಡ ಬಂತು. ತಂಡದ ಮುಂದಾಳು ಮಸ್ಕಟೀನ್ ಅನ್ನುವ ಊರಿನಲ್ಲಿ ಒಂದು ಮನೆಯಲ್ಲಿ ಎರಡು ರಾತ್ರಿ ಉಳಿದರು. ಓದಲು ಹೋಗಿದ್ದ ಆ ಮನೆಯವರ ಮಗನ ಕೋಣೆಯಲ್ಲಿ ಮಲಗಿದರು. ಹೆಸರು ಶಿ ಜಿನ್‌ಪಿಂಗ್. 2012ರಲ್ಲಿ ಚೀನಾದ ಉಪಾಧ್ಯಕ್ಷರಾಗಿದ್ದಾಗ ಹಳೇ ಪರಿಚಯದವರನ್ನು ನೋಡಲು ಅದೇ ಊರಿಗೆ ತಿರುಗಿ ಬಂದರು. ಬಸ್ಸಿನಲ್ಲಿ ಕೂತ ಹದಿನೇಳು ಗಂಟೆ ಯಾರಿಗೂ 27 ವರ್ಷ ನೆನಪಿರುವುದಿಲ್ಲ ಸಾರ್. ಮನೆಯಲ್ಲಿ ಮಲಗಿದ್ದು ನೆನಪಿರುತ್ತದೆ.

ನಿವೃತ್ತ_ಪಶುವೈದ್ಯೆ ಬರೆದದ್ದು:

ಕಾರ್ಯದರ್ಶಿಗಳೇ, ನಾನು ಇಂಥ ತಂಡದ ಜೊತೆ ಮೂರು ಸಲ ಹೋಗಿದ್ದೇನೆ. ಎರಡು ಸಲ ಬಂದವರನ್ನು ಇಳಿಸಿಕೊಂಡಿದ್ದೇನೆ. ತಪ್ಪು ಮಾಡಿಯೇ ಕಲಿತದ್ದು, ಬಿಡಿಸಿ ಹೇಳುತ್ತೇನೆ.

ಮೊದಲು ಕಾಲದ ವಿಷಯ. ಎರಡೂ ಊರು ಭೂಮಧ್ಯರೇಖೆಯ ಒಂದೇ ಕಡೆ ಇದ್ದರೆ ಅವರ ಸುಗ್ಗಿ, ನಿಮ್ಮ ಸುಗ್ಗಿ ಹೆಚ್ಚುಕಮ್ಮಿ ಒಟ್ಟಿಗೇ ಬೀಳಬಹುದು. ನಮಗೆ ಹಾಗೇ ಆಯಿತು. ಮೊದಲ ಸಲ ಎಲ್ಲರಿಗೂ ಬಿಡುವಾಗಿದ್ದ ನಡುಚಳಿಗಾಲದಲ್ಲಿ ಹೋದೆವು. ನೋಡಿದ್ದೇನು? ಹಿಮ, ಒಂದು ಶೆಡ್ಡು, ಶೆಡ್ಡಿನೊಳಗೆ ನಿಂತ ಯಂತ್ರಗಳು. ಬೆಳೆಯನ್ನು ಆಲ್ಬಮ್‌ನಲ್ಲಿ ತೋರಿಸಿದರು. ಎರಡನೇ ಸಲ ಹಟ ಹಿಡಿದು ಕೊಯ್ಲಿಗೇ ಹೋದೆವು. ಆ ಮನೆಯವರು ಬೆಳಗ್ಗೆ ನಾವು ಏಳುವ ಮೊದಲೇ ಹೊಲಕ್ಕೆ ಹೋದರೆ ರಾತ್ರಿ ಹತ್ತಕ್ಕೆ ಬರುತ್ತಿದ್ದರು. ನಾವು ಅವರ ಅಜ್ಜಿಯ ಜೊತೆ ಟಿವಿ ನೋಡುತ್ತಾ ಕೂತೆವು. ಅಜ್ಜಿಗೆ ನಮ್ಮ ಭಾಷೆ ಬರದು, ನಮಗೆ ಅಜ್ಜಿಯದು ಬರದು. ಪಾಪ, ನಮ್ಮಿಂದ ಆಕೆಯ ಮಧ್ಯಾಹ್ನದ ನಿದ್ದೆಯೂ ಹೋಯಿತು.

ಮೂರನೇ ಸಲ ಗಿಡ ಸವರುವ ಕಾಲಕ್ಕೆ ಹೋದೆವು. ಅದು ಸರಿಹೋಯಿತು. ನಿಮಗೂ ಆ ಕಡೆ ಸೇಬಿನ ತೋಟ ಅಂದಿರಲ್ಲ, ಚಳಿಗಾಲದ ಕೊನೆಗೆ ಹೋಗಿ. ಕೆಲಸ ಇರುತ್ತದೆ, ಆದರೆ ಇವತ್ತೇ ಮುಗಿಯಬೇಕು ಅನ್ನುವ ಓಟ ಇರುವುದಿಲ್ಲ. ಒಂದು ಗಿಡದ ಮುಂದೆ ಇಬ್ಬರು ಕತ್ತರಿ ಹಿಡಿದು ನಿಂತರೆ ಭಾಷೆ ಬೇಕಾಗಿಲ್ಲ. ಇಲ್ಲಿ ಕತ್ತರಿಸೋಣ್ವಾ ಅಂತ ಒಬ್ಬರು ಬೆರಳು ಇಡುತ್ತಾರೆ. ಇನ್ನೊಬ್ಬರು ತಲೆ ಅಲ್ಲಾಡಿಸಿ, ಹೊರಕ್ಕೆ ಮುಖ ಮಾಡಿದ ಮೊಗ್ಗು ತೋರಿಸಿ, ಅದಕ್ಕಿಂತ ತುಸು ಮೇಲಕ್ಕೆ ಕತ್ತರಿ ಇಡುತ್ತಾರೆ. ಒಳಮುಖದ ಮೊಗ್ಗು ಉಳಿಸಿದರೆ ಕೊಂಬೆ ಒಳಗೇ ಬೆಳೆದು ಗಿಡಕ್ಕೆ ಬಿಸಿಲು, ಗಾಳಿ ಸಿಗುವುದಿಲ್ಲ ಅಂತ ನನಗೆ ಯಾರೂ ಹೇಳಲಿಲ್ಲ. ಮೂರು ಸಲ ತಪ್ಪು ಜಾಗ ತೋರಿಸಿ ಬೈಸಿಕೊಂಡು ಕಲಿತೆ. ಬೈದದ್ದು ಯಾವ ಭಾಷೆಯಲ್ಲೋ, ಅರ್ಥವಂತೂ ಆಯಿತು.

ಈಗ ಹಸು. ಆ ಐದು ಜನ ಕೇಳಿದ್ದು ನೆಪ ಅಲ್ಲ, ಅದೇ ಅಸಲು ಪ್ರಶ್ನೆ. ಹಸುವಿಗೆ ಭಾನುವಾರ ಗೊತ್ತಿಲ್ಲ, ಸಿಸ್ಟರ್ ಸಿಟಿಯೂ ಗೊತ್ತಿಲ್ಲ. ಫಿನ್ಲೆಂಡ್‌ನಲ್ಲಿ ದನ ಸಾಕುವ ರೈತರಿಗೆ ವರ್ಷಕ್ಕೆ 26 ದಿನ ರಜೆ ಕೊಡುವ ವ್ಯವಸ್ಥೆಯೇ ಇದೆ. ಆ ದಿನಗಳಲ್ಲಿ ಬದಲಿ ಕೆಲಸಗಾರರು ಬಂದು ಕೊಟ್ಟಿಗೆ ನೋಡಿಕೊಳ್ಳುತ್ತಾರೆ. ಎಲ್ಲ ಕಡೆ ಅಂಥದ್ದು ಇಲ್ಲ. ಹಾಗಾಗಿ ನಿಮ್ಮ ಖರ್ಚಿನ ಪಟ್ಟಿಯಲ್ಲಿ ಟಿಕೆಟ್‌ಗಿಂತ ಮೇಲೆ ಬದಲಿ ಆಳಿನ ಕೂಲಿ ಬರೆಯಿರಿ. ಅದನ್ನು ಸಂಘ ಕೊಡಲಿ, ಹೋಗುವವರ ಜೇಬಿನಿಂದ ಬೇಡ. ಇದೊಂದು ಮಾಡದಿದ್ದರೆ ಕೊನೆಗೆ ಹೋಗುವುದು ಹಸು ಇಲ್ಲದ ಆ ಆರನೆಯವರೇ. ಅವರ ಮೇಲೆ ನನಗೇನೂ ಕೋಪ ಇಲ್ಲ.

ಬದಲಿಗೆ ಬರುವವರು ಹೊರಡುವ ದಿನ ಬಂದರೆ ಸಾಲದು. ಮೂರು ನಾಲ್ಕು ದಿನ ಮೊದಲೇ ಬಂದು ಮನೆಯವರ ಜೊತೆಗೇ ಹಾಲು ಕರೆಯಬೇಕು. ಹೊಸ ಕೈ, ಹೊಸ ದನಿಗೆ ಹಸು ಬೆದರಿದರೆ ಹಾಲು ಇಳಿಸುವುದಿಲ್ಲ. ಕೆಚ್ಚಲಲ್ಲಿ ಉಳಿದ ಹಾಲಿನಿಂದ ಕೆಚ್ಚಲು ಬಾವು ಬರುವ ಭಯ ಬೇರೆ. ಪ್ರತಿ ಹಸುವಿಗೂ ಒಂದು ಕಾರ್ಡ್ ಬರೆದು ಕೊಟ್ಟಿಗೆಯಲ್ಲಿ ನೇತು ಹಾಕಿ. ಯಾವುದು ಒದೆಯುತ್ತದೆ, ಯಾವುದರ ಯಾವ ಮೊಲೆ ನಿಧಾನ, ಯಾವುದು ಮೊದಲು ಬರದಿದ್ದರೆ ಮುನಿಯುತ್ತದೆ, ಎಲ್ಲ ಬರೆಯಿರಿ. ಯಾವ ಹಸುವಿಗೆ ಔಷಧಿ ನಡೆಯುತ್ತಿದೆ, ಯಾವುದರ ಹಾಲು ಬೇರೆ ಇಡಬೇಕು ಅನ್ನುವುದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅದೊಂದು ತಪ್ಪಿದರೆ ಟ್ಯಾಂಕಿನ ಹಾಲೆಲ್ಲ ಚೆಲ್ಲಬೇಕಾಗುತ್ತದೆ.

ನಿಮ್ಮ ಹಿರಿಯರ ಬೀಜದ ವಿಷಯ. ದಯವಿಟ್ಟು ಜೇಬಲ್ಲಿ ಬೇಡ. ಬೀಜ ಗಡಿ ದಾಟಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಎಷ್ಟೋ ಬೀಜಗಳಿಗೆ ಮುಂಚೆಯೇ ಆಮದು ಪರವಾನಗಿಯೂ ಬೇಕು. ಎರಡೂ ಕಡೆಯ ಕೃಷಿ ಇಲಾಖೆಯನ್ನು ಈಗಲೇ ಕೇಳಿ, ಕಾಗದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಬರುವಾಗ ಅಲ್ಲಿಂದ ಸೇಬಿನ ಕಸಿ ಕಡ್ಡಿ ತರುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಅದು ಇನ್ನೂ ಅಪಾಯ. ಸೇಬು, ಪೇರ್ ಗಿಡಗಳನ್ನು ಸುಟ್ಟಂತೆ ಒಣಗಿಸುವ ಫೈರ್ ಬ್ಲೈಟ್ ಅನ್ನುವ ಬ್ಯಾಕ್ಟೀರಿಯಾ ರೋಗ ಕಡ್ಡಿಯ ಮೂಲಕವೇ ಊರೂರು ದಾಟುತ್ತದೆ. ನೋಡಲು ಕಡ್ಡಿ ಚೆನ್ನಾಗಿಯೇ ಇರುತ್ತದೆ.

ಬೂಟಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಕೊಟ್ಟಿಗೆಯಲ್ಲಿ ಹಾಕುವ ಬೂಟು ಮನೆಯಲ್ಲೇ ಇರಲಿ. ಅಲ್ಲಿನವರು ಅಲ್ಲಿನ ಗಮ್‌ಬೂಟ್ ಕೊಡಲಿ. ಬ್ರಿಟನ್ನಿನಲ್ಲಿ 2001ರಲ್ಲಿ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಆ ವೈರಸ್ ಬೂಟಿನ ಮಣ್ಣಲ್ಲೂ ಬಟ್ಟೆಯಲ್ಲೂ ಸವಾರಿ ಮಾಡುತ್ತದೆ. ಅದಕ್ಕೇ ಆಸ್ಟ್ರೇಲಿಯಾಕ್ಕೆ ಇಳಿಯುವವರನ್ನು ಹಿಂದಿನ 30 ದಿನದಲ್ಲಿ ಫಾರ್ಮಿಗೆ ಹೋಗಿದ್ದಿರಾ ಅಂತ ಕೇಳುತ್ತಾರೆ. ಕೇಳಿದರೆ ನಿಜ ಹೇಳಿ. ಬೂಟು ತೊಳೆದು ಕಳಿಸುತ್ತಾರೆ, ಅಷ್ಟೇ. ನಿಮ್ಮಲ್ಲಿಗೆ ಬರುವವರಿಗೂ ಇದೇ ನಿಯಮ. ಬಂದವರು ಮೊದಲ ಐದು ದಿನ ನಿಮ್ಮ ದನ ಮುಟ್ಟದಿರಲಿ. ಆ ಐದು ದಿನಕ್ಕೆ ಮೆಕ್ಕೆಜೋಳದ ಹೊಲ, ಶಾಲೆ, ಸಂತೆ ಇಟ್ಟುಕೊಳ್ಳಿ. ಭಾಷಣವನ್ನೂ ಅಲ್ಲೇ ಮುಗಿಸಿಬಿಡಿ.

ಇನ್ನೆರಡು ಮಾತು. ಹೋಟೆಲ್ ಬೇಡ, ಒಂದು ಮನೆಗೆ ಒಬ್ಬರೇ ಇರಲಿ. ಇಬ್ಬರನ್ನು ಒಟ್ಟಿಗೆ ಇಟ್ಟರೆ ಅವರವರೇ ಮಾತಾಡಿಕೊಳ್ಳುತ್ತಾರೆ. ಹಾಗೇ ವೀಸಾ. ಎಷ್ಟೋ ದೇಶಗಳಲ್ಲಿ ಪ್ರವಾಸದ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಸಂಬಳ ಇಲ್ಲದಿದ್ದರೂ. ಗಿಡ ಸವರುತ್ತೇವೆ ಅಂತ ಇದ್ದದ್ದು ಇದ್ದಂತೆ ಬರೆದು ರಾಯಭಾರ ಕಚೇರಿಯನ್ನೇ ಕೇಳಿ. ಏಣಿಯಿಂದ ಬಿದ್ದರೆ ವಿಮೆ ಕೊಡುತ್ತದಾ ಅಂತಲೂ ಕೇಳಿ. ನಮ್ಮಲ್ಲೊಬ್ಬರು ಬಿದ್ದರು.

ಸಹಿ_ಯಾಕೆ ಬರೆದದ್ದು:

ಎಲ್ಲರೂ ಒಳ್ಳೆಯದೇ ಹೇಳುತ್ತಿದ್ದೀರಿ, ನಾನು ಸ್ವಲ್ಪ ಕಹಿ ಹೇಳುತ್ತೇನೆ. ಇಂಥ ನಂಟುಗಳಲ್ಲಿ ಎಷ್ಟೋ ಊರ ಬಾಗಿಲಿನ ಬೋರ್ಡಾಗಿ ಉಳಿಯುತ್ತವೆ. ಉತ್ಸಾಹದಿಂದ ಶುರು ಮಾಡಿದ ಒಬ್ಬರು ವರ್ಗವಾದರೋ, ವಯಸ್ಸಾಯಿತೋ, ಮುಗಿಯಿತು.

ಇಂಗ್ಲೆಂಡಿನಲ್ಲಿ ವಿಟ್‌ವೆಲ್ ಅಂತ ಒಂದು ಪುಟ್ಟ ಹಳ್ಳಿ. ಅಲ್ಲಿನವರು ಪ್ಯಾರಿಸ್ ಜೊತೆ ನಂಟು ಬೇಕು ಅಂತ ಆಗ ಅಲ್ಲಿ ಮೇಯರ್ ಆಗಿದ್ದ ಶಿರಾಕ್‌ಗೆ ಪತ್ರ ಬರೆದರು. ಇಂಥ ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಿದಿರಿ ಅಂತ ತಿಳಿಯುತ್ತೇವೆ ಅಂದರು. ಉತ್ತರ ಬರಲಿಲ್ಲ. ಬೋರ್ಡ್ ಹಾಕಿಯೇಬಿಟ್ಟರು! ಸ್ಕಾಟ್ಲೆಂಡಿನ ಡಲ್, ಅಮೆರಿಕದ ಬೋರಿಂಗ್ ಅನ್ನುವ ಊರುಗಳು 2012ರಲ್ಲಿ ಜೋಡಿಯಾದದ್ದು ಬರೀ ಹೆಸರು ನೋಡಿ. ಒಂದು ಮಂಕು, ಇನ್ನೊಂದು ಬೇಜಾರು. ಆಮೇಲೆ ಆಸ್ಟ್ರೇಲಿಯಾದ ಬ್ಲ್ಯಾಂಡ್, ಅಂದ್ರೆ ಸಪ್ಪೆ, ಅದೂ ಸೇರಿತು. ಬ್ಲ್ಯಾಂಡ್ ಗೋಧಿ ಬೆಳೆಯುವ ಸೀಮೆ, ಗೋಧಿ ಬೆಳೆಯುವವರಿಗೆ ತಮಾಷೆ ಮಾಡಲೂ ಬರುತ್ತದೆ. ತಮಾಷೆ ಅಂತ ಹೇಳಿಕೊಂಡೇ ಮಾಡಿದರೆ ನನ್ನದೇನೂ ತಕರಾರಿಲ್ಲ. ತಮಾಷೆಗೆ ಶಿಲಾಫಲಕ ಹಾಕಿ ಭಾಷಣ ಮಾಡಿದರೆ ಕಷ್ಟ.

ನನ್ನ ಸಲಹೆ ಇಷ್ಟೇ. ಈ ವರ್ಷ ಸಹಿ ಮಾಡಬೇಡಿ. ವಾರಕ್ಕೊಮ್ಮೆ ಎರಡೂ ಕಡೆಯಿಂದ ಒಬ್ಬೊಬ್ಬರು ನಾಲ್ಕು ಸಾಲು ಬರೆಯಲಿ. ಎಷ್ಟು ಮಳೆ, ಏನು ಬಿತ್ತಿದಿರಿ, ಯಾವ ಹುಳ ಬಂತು. ಒಂದು ವರ್ಷ ತಪ್ಪದೆ ನಡೆದರೆ ವಿಮಾನ ಹತ್ತಿ. ಮೂರನೇ ತಿಂಗಳಿಗೇ ನಿಂತರೆ ಟಿಕೆಟ್ ದುಡ್ಡಾದರೂ ಉಳಿಯಿತು ಅಲ್ವಾ?

ಕೊಟ್ಟಿಗೆ_ಕಾರ್ಯದರ್ಶಿ ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ಸಾಲಿನ ಪತ್ರದ ವಿಷಯ ನಿನ್ನೆಯೇ ಆ ಕಡೆಯವರಿಗೆ ಬರೆದೆ. ಇವತ್ತು ಉತ್ತರ ಬಂತು. ನಾಲ್ಕು ಸಾಲು ಕೇಳಿದರೆ ಎರಡು ಪುಟ ಬರೆದಿದ್ದಾರೆ. ಹೂ ಬಿಡುವ ಹೊತ್ತಿಗೆ ಇಬ್ಬನಿ ಹೆಪ್ಪುಗಟ್ಟಿ ಅರ್ಧ ತೋಟದ ಹೂವು ಕರಟಿತಂತೆ. ಮುಂದಿನ ವರ್ಷ ಮೇವಿಗೆ ಮೆಕ್ಕೆಜೋಳ ಹಾಕಿ ನೋಡೋಣ ಅಂತಿದ್ದಾರೆ, ಹಸಿ ಮೇವನ್ನು ಗುಂಡಿಯಲ್ಲಿ ಮುಚ್ಚಿಟ್ಟು ರಸಮೇವು ಮಾಡುವುದು ಹೇಗೆ, ಗುಂಡಿಗೆ ಗಾಳಿ ಹೋಗದಂತೆ ಹೇಗೆ ಮುಚ್ಚುತ್ತೀರಿ ಅಂತ ಕೇಳಿದ್ದಾರೆ. ನಮ್ಮ ಬೀಜದ ಹಿರಿಯರಿಗೆ ಓದಿ ಹೇಳಿದೆ. ಬೀಜ ಜೇಬಲ್ಲಿ ಒಯ್ಯುವ ಹಾಗಿಲ್ಲ ಅಂದಾಗ ಮುಖ ಸಣ್ಣದಾಗಿತ್ತು. ಈಗ ಕಾಗದ ಪೆನ್ನು ತಗೊಂಡು ಗುಂಡಿಯ ಚಿತ್ರ ಬರೆಯುತ್ತಾ ಕೂತಿದ್ದಾರೆ.

ಮೇಡಂ, ಒಂದು ಕೇಳಬೇಕು. ಭಾಷಾಂತರಕ್ಕೆ ಪಟ್ಟಣದಿಂದ ಒಬ್ಬರನ್ನು ಕರೆದರೆ ಸಾಕಾಗುತ್ತದಾ?

ನಿವೃತ್ತ_ಪಶುವೈದ್ಯೆ ಬರೆದದ್ದು:

ಕರೆಯಿರಿ, ಆದರೆ ಮೊದಲು ಒಂದು ದಿನ ಕೊಟ್ಟಿಗೆಯಲ್ಲಿ ನಿಲ್ಲಿಸಿ. ನಮ್ಮ ಭಾಷಾಂತರದ ಹುಡುಗ ತುಂಬಾ ಓದಿದವನು, ದನ ಕಂಡವನಲ್ಲ. ನಮ್ಮ ಮನೆಗೆ ಬಂದ ಅತಿಥಿಯ ಹತ್ತಿರ ಕೊಟ್ಟಿಗೆಯ ಮೂಲೆಯ ಹಸು ತೋರಿಸಿ "ಇದರ ಹಾಲು ಬತ್ತಿಸಿದ್ದೇವೆ" ಅಂದೆ. ಕರು ಹಾಕುವ ಎರಡು ತಿಂಗಳು ಮೊದಲು ಕರೆಯುವುದು ನಿಲ್ಲಿಸುತ್ತೇವಲ್ಲ, ಅದು. ಅವನು ಅದಕ್ಕೆ ಕಾಯಿಲೆ ಬಂದು ಹಾಲು ನಿಂತಿದೆ ಅಂತ ಹೇಳಿದ್ದಾನೆ. ಆ ಅತಿಥಿ ಗಾಬರಿಯಿಂದ ಬೇಗ ಡಾಕ್ಟರನ್ನು ಕರೆಸಿ ಅಂತ ನನಗೇ ಹೇಳಿದರು.

ಕೊಟ್ಟಿಗೆ, ತೋಟದ ಒಂದು ಐವತ್ತು ಮಾತು ಎರಡೂ ಭಾಷೆಯಲ್ಲಿ ಚಿತ್ರದ ಜೊತೆ ಬರೆದಿಟ್ಟುಕೊಳ್ಳಿ. ಮತ್ತೆ, ಹಸುವಿನ ಕಾರ್ಡ್ ಶುರು ಮಾಡಿದಿರಾ? ಹೋಗುವ ವಾರ ಬರೆಯೋಣ ಅಂದರೆ ಆಗುವುದಿಲ್ಲ. ನಿಮ್ಮ ಮನೆಯದೇ ಮೊದಲು ಬರೆದು ನೋಡಿ.

ಕೊಟ್ಟಿಗೆ_ಕಾರ್ಯದರ್ಶಿ ಬರೆದದ್ದು:

ಬರೆಯೋಕೆ ಕೂತೆ ಮೇಡಂ. ನಮ್ಮದು ನಾಲ್ಕು ಹಸು. ಮೊದಲ ಕಾರ್ಡಿನಲ್ಲಿ ಹಸುವಿನ ಹೆಸರು, ಬಣ್ಣ, ಎಷ್ಟನೇ ಕರು ಅಂತ ಬರೆದೆ. ಯಾವ ಮೊಲೆ ನಿಧಾನ ಅನ್ನುವ ಕಡೆ ಪೆನ್ನು ನಿಂತಿತು. ಯಾವುದು ಮೊದಲು ಬರದಿದ್ದರೆ ಮುನಿಯುತ್ತದೆ? ಅದೂ ಗೊತ್ತಿಲ್ಲ. ಒಳಗಿದ್ದ ಹೆಂಡತಿಯನ್ನು ಕೇಳಿದೆ. ಅವಳು ಅಲ್ಲಿಂದಲೇ, ಕೆಲಸ ನಿಲ್ಲಿಸದೆ, ನಾಲ್ಕು ಹಸುವಿನದೂ ಒಂದೇ ಉಸಿರಿಗೆ ಹೇಳಿದಳು. ನಾನು ಬರೆದುಕೊಂಡೆ. ಮೇವು ತರೋದು, ಹಾಲು ಡೇರಿಗೆ ಹಾಕೋದು, ಲೆಕ್ಕ ಬರೆಯೋದು ನಾನು. ಕರೆಯೋದು ಹನ್ನೊಂದು ವರ್ಷದಿಂದ ಅವಳೇ.

ಆಮೇಲೆ ನಮ್ಮ ಆರು ಜನರ ಪಟ್ಟಿ ತೆಗೆದು ನೋಡಿದೆ. ಆರೂ ಗಂಡಸರೇ.

ನಿನ್ನೆ ಸಭೆಯಲ್ಲಿ ಪಟ್ಟಿ ಬದಲಾಯಿತು. ಸ್ವಲ್ಪ ಗಲಾಟೆಯೂ ಆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಿಂದ ಅವಳ ಹೆಸರು ಹೋಗಿದೆ. ಬದಲಿ ಆಳಿನ ಕಾಲಂನಲ್ಲಿ ನನ್ನದು. ಕೂಲಿ ಕೊಡುವುದಿಲ್ಲವಂತೆ, ಸ್ವಂತ ಹಸು ಅಂತ. ನಾಳೆ ಬೆಳಗ್ಗೆ ಐದಕ್ಕೆ ಮೊದಲ ಪಾಠ ಇದೆ, ಒದೆಯುವ ಹಸುವಿನಿಂದಲೇ ಶುರು ಮಾಡೋಣ ಅಂದಿದ್ದಾಳೆ.